ಆರನೆಯ ಹೆಸರು

ಕಬಡ್ಡಿ ಲೀಗಿನ ಆಟಗಾರರ ಹರಾಜು ಹತ್ತಿರ ಬಂತೆಂದರೆ ಶಿರಸಿಯ ಅಡಿಕೆ ಮಾರುಕಟ್ಟೆಯಲ್ಲಿ ನಾವು ಏಳೆಂಟು ಜನ ಯಾವ ಕೆಲಸಕ್ಕೂ ಬಾರದವರಾಗುತ್ತಿದ್ದೆವು. ನಮ್ಮ ತಂಡ ಈ ಸಲ ಯಾರನ್ನು ಎತ್ತಿಕೊಳ್ಳುತ್ತದೆ, ಯಾರನ್ನು ಬಿಡುತ್ತದೆ, ಎಡ ಮೂಲೆಗೆ ಯಾರು, ರೈಡಿಗೆ ಯಾರು, ಬರೀ ಇದೇ ಮಾತು. ನಮ್ಮ ತಂಡ ಅನ್ನುವುದು ನಮ್ಮ ಹೆಮ್ಮೆ ಅಷ್ಟೆ. ಆ ತಂಡದವರಿಗೆ ಶಿರಸಿ ಎಲ್ಲಿದೆ ಎಂಬುದೂ ಗೊತ್ತಿರಲಿಕ್ಕಿಲ್ಲ. ಆದರೂ ಅವರು ಒಬ್ಬ ಒಳ್ಳೆಯ ಹಿಡಿತಗಾರನನ್ನು ಕೈಬಿಟ್ಟರೆ ನಮ್ಮ ಮನೆಯ ಕೊಟ್ಟಿಗೆಯಿಂದ ಎಮ್ಮೆ ಬಿಚ್ಚಿಕೊಂಡು ಹೋದಷ್ಟು ಸಂಕಟಪಡುತ್ತಿದ್ದೆವು.

ನಾನು ಒಬ್ಬ ವ್ಯಾಪಾರಿಯ ಪರವಾಗಿ ಅಡಿಕೆ ನೋಡುವವನು. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ. ನಮ್ಮಲ್ಲಿ ಅಡಿಕೆ ಮಾರುವುದು ಕೂಗಿ ಅಲ್ಲ, ಚೀಟಿ ಬರೆದು. ಬೆಳೆಗಾರರ ರಾಶಿಗಳನ್ನು ದೊಡ್ಡ ಅಂಗಳದಲ್ಲಿ ಸಾಲಾಗಿ ಸುರಿದಿರುತ್ತಾರೆ. ನಾವು ಒಂದೊಂದೇ ರಾಶಿಗೆ ಕೈ ಹಾಕಿ, ಒಂದೆರಡು ಅಡಿಕೆಯನ್ನು ಕತ್ತರಿಯಲ್ಲಿ ಹೋಳು ಮಾಡಿ ಒಳಗಿನ ಬಣ್ಣ ನೋಡಿ, ದರವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತೇವೆ. ಹಾಕಿದ ಚೀಟಿಯನ್ನು ಮತ್ತೆ ತೆಗೆಯುವ ಹಾಗಿಲ್ಲ. ಹೊತ್ತು ಮುಗಿದ ಮೇಲೆ ಪೆಟ್ಟಿಗೆ ತೆರೆದು ಎಲ್ಲರ ಎದುರು ಓದುತ್ತಾರೆ. ಇದಕ್ಕೆ ಟೆಂಡರ್ ಅನ್ನುತ್ತಾರೆ.

ರಾಶಿಯ ಪಕ್ಕದಲ್ಲಿ ಬೆಳೆಗಾರ ನಿಂತಿರುತ್ತಾನೆ. ವರ್ಷವಿಡೀ ದುಡಿದದ್ದು ಅಲ್ಲಿ ಕಾಲ ಬುಡದಲ್ಲಿ ಬಿದ್ದಿರುತ್ತದೆ. ‘ಹ್ಯಾಂಗಿದ್ದು?’ ಎಂದು ಕೇಳಿಯೇ ಕೇಳುತ್ತಾನೆ. ಮಾಲು ಹೇಗೇ ಇರಲಿ, ‘ಚಲೋ ಇದ್ದು’ ಅನ್ನುವುದು ನಮ್ಮ ರೂಢಿ. ಮುಖದ ಮೇಲೆ ಹಳಿಯುವುದು ನಮಗೆ ಬರುವುದಿಲ್ಲ. ಬಾಯಲ್ಲಿ ಚಲೋ ಅಂದು ಚೀಟಿಯಲ್ಲಿ ಇದ್ದದ್ದನ್ನು ಬರೆಯುತ್ತೇವೆ. ಇದರಲ್ಲಿ ಯಾರಿಗೂ ಮೋಸವಿಲ್ಲ, ಏಕೆಂದರೆ ಬಾಯಿಯ ಮಾತಿಗೆ ಬೆಲೆಯಿಲ್ಲ ಎಂದು ಬೆಳೆಗಾರನಿಗೂ ಗೊತ್ತು. ಅವನು ಕೇಳುವುದೂ ರೂಢಿಗೆ, ನಾವು ಹೇಳುವುದೂ ರೂಢಿಗೆ. ಹಾಗೆಂದು ನಾನು ಬಹಳ ವರ್ಷ ನಂಬಿದ್ದೆ.

ಕಬಡ್ಡಿಗೂ ಟೆಂಡರ್ ಹಚ್ಚಿದವನು ಅಂಗಳದಲ್ಲಿ ಅಡಿಕೆ ತೂಗುವ ನಮ್ಮ ತೂಕದವನು. ಮುಂಡಗೋಡಿನ ಆಚೆ ಕಡೆಯವನು, ಮಾತು ಹಾವೇರಿಯದು, ದನಿ ಮಾತ್ರ ಮೂರು ತಾಲೂಕಿಗೆ ಕೇಳುವಷ್ಟು. ಒಂದು ವರ್ಷ ಹರಾಜಿನ ಹಿಂದಿನ ವಾರ ನಾವೆಲ್ಲ ತೂಕದ ಕಾಟದ ಪಕ್ಕ ನಿಂತು ಜಗಳವಾಡುತ್ತಿದ್ದಾಗ ಅವನು ಹಳೆಯ ಬಿಸ್ಕಿಟಿನ ಡಬ್ಬಿಯೊಂದಕ್ಕೆ ಸೀಳು ಮಾಡಿ, ಬೀಗ ಹಾಕಿ ತಂದಿಟ್ಟ. ‘ಬಾಯಿಲೆ ಯಾಕ ಬಡದಾಡ್ತೀರಿ? ಬರ್ರಿ, ಬರದು ಹಾಕ್ರಿ’ ಅಂದ. ಅಂದಿನಿಂದ ನಿಯಮ ಆಯಿತು. ನಮ್ಮ ತಂಡ ಎತ್ತಿಕೊಳ್ಳುವ ಆರು ಜನರ ಹೆಸರು ಬರೆಯಬೇಕು. ಕೆಳಗೆ ನಮ್ಮ ಹೆಸರು, ಹಾಕಿದ ಹೊತ್ತು. ಹರಾಜಿನ ಮಾರನೆಯ ದಿನ ಬೀಗ ತೆಗೆದು ಒಂದೊಂದೇ ಚೀಟಿ ಓದುವುದು. ಹೆಚ್ಚು ಹೆಸರು ಸರಿಯಾದವನಿಗೆ ಒಂದು ವಾರ ಉಳಿದವರ ಚಹಾ.

ಆ ಚಹಾವನ್ನು ನಾನು ಮೂರು ವರ್ಷ ಒಂದೇ ಸಮನೆ ಕುಡಿದೆ. ಸಕ್ಕರೆ ಹೆಚ್ಚು ಹಾಕಿಸಿಕೊಂಡು, ಎಲ್ಲರ ಎದುರು ಕಾಲ ಮೇಲೆ ಕಾಲು ಹಾಕಿ ಕುಡಿದೆ. ಉಳಿದವರು ಇಷ್ಟದ ಆಟಗಾರನ ಹೆಸರು ಬರೆಯುತ್ತಿದ್ದರು. ನಾನು ಹಾಗಲ್ಲ. ತಂಡಕ್ಕೆ ಎಲ್ಲಿ ತೂತು ಬಿದ್ದಿದೆ, ಅದನ್ನು ಮುಚ್ಚಲು ಯಾರು ಬೇಕು, ಯಾರ ಮೈ ಇನ್ನೊಂದು ಹಂಗಾಮು ತಾಳುತ್ತದೆ ಎಂದು ಅಡಿಕೆ ನೋಡುವ ಕಣ್ಣಲ್ಲೇ ನೋಡುತ್ತಿದ್ದೆ. ನಾನು ನೋಡಿದ್ದು ತಪ್ಪುವುದಿಲ್ಲ ಎಂಬ ಮಾತು ಅಂಗಳದಲ್ಲಿ ಹಬ್ಬಿತ್ತು. ಹಬ್ಬಿಸಿದ್ದರಲ್ಲಿ ನನ್ನ ಪಾಲೂ ಇತ್ತು.

ಅಂಗಳದ ಹಿಂದಿನ ಮಾಡಿನಲ್ಲಿ ಹೆಂಗಸರು ಕೂತು ಅಡಿಕೆ ಆರಿಸುತ್ತಾರೆ. ಅವರಲ್ಲಿ ತ್ಯಾಗಲಿಯಿಂದ ಬಸ್ಸಿಗೆ ಬರುವವಳೊಬ್ಬಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಅವಳು ಆರಿಸಿದ ಮಾಲಿನಲ್ಲಿ ಒಡಕು ಸಿಕ್ಕಿದ್ದನ್ನು ನಾನು ಕಂಡಿಲ್ಲ. ಅವಳ ಒಬ್ಬನೇ ಮಗ ಕಬಡ್ಡಿ ಆಡುತ್ತಿದ್ದ. ಇಪ್ಪತ್ತನಾಲ್ಕು ವರ್ಷದ ಆಳು, ಉದ್ದ ಕೈ, ಮಾತು ಕಡಿಮೆ. ಜಿಲ್ಲೆಗೆ ಆಡಿ, ರಾಜ್ಯಕ್ಕೆ ಆಡಿ, ಹೋದ ವರ್ಷ ಹರಾಜಿನ ಹೊಸ ಹುಡುಗರ ಪಟ್ಟಿಯಲ್ಲಿ ಅವನ ಹೆಸರು ಬಂತು. ನಮ್ಮ ಮೂರು ತಾಲೂಕಿನಿಂದ ಆ ಪಟ್ಟಿಗೆ ಯಾರಾದರೂ ಹೋದದ್ದು ನಮಗೆ ನೆನಪಿರಲಿಲ್ಲ.

ಅಂಗಳ ಹುಚ್ಚೆದ್ದು ಹೋಯಿತು. ತೂಕದವನು ಆ ಪಟ್ಟಿಯನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ ಕಾಟದ ಮೇಲಿನ ಗೋಡೆಗೆ ಅಂಟಿಸಿ, ಆ ಒಂದು ಹೆಸರಿನ ಸುತ್ತ ಕುಂಕುಮ ಹಚ್ಚಿದ. ತಾಯಿ ಓದು ಬಾರದವಳು. ಹೋಗುವಾಗ ಬರುವಾಗ ಆ ಕುಂಕುಮದ ಗುರುತನ್ನು ನೋಡಿ ಹೋಗುತ್ತಿದ್ದಳು. ಆ ಸಲ ಎಲ್ಲರ ಚೀಟಿಯಲ್ಲೂ ಮೊದಲ ಹೆಸರು ಯಾವುದೆಂದು ಕೇಳುವ ಅಗತ್ಯವೇ ಇರಲಿಲ್ಲ.

ನಾನು ಅವನ ಆಟವನ್ನು ಆ ವರ್ಷ ಒಂದೇ ಸಲ ನೋಡಿದ್ದೆ, ಗುಡ್ನಾಪುರದ ಕೆರೆಯ ಪಕ್ಕದ ಬಯಲಿನಲ್ಲಿ. ಬನವಾಸಿ ಕಡೆ ಕೆಲಸಕ್ಕೆ ಹೋದವನು ಪಂದ್ಯ ಇದೆಯೆಂದು ನಿಂತೆ. ಅವನು ರೈಡಿಗೆ ಹೋದಾಗಲೆಲ್ಲ ಅಂಕ ತಂದ, ಜನ ಶಿಳ್ಳೆ ಹೊಡೆದರು. ನಾನು ಅವನ ಕಾಲು ನೋಡುತ್ತಿದ್ದೆ. ತಿರುಗುವಾಗಲೆಲ್ಲ ಬಲಗಾಲ ಮೇಲೇ ತಿರುಗುತ್ತಿದ್ದ. ಎಡಗಾಲನ್ನು ಆಗಷ್ಟೇ ಸೆಗಣಿ ಸಾರಿಸಿದ ನೆಲದ ಮೇಲೆ ಇಡುವ ಹಾಗೆ ಮೆಲ್ಲಗೆ ಇಡುತ್ತಿದ್ದ. ಹಿಂದಿನ ವರ್ಷ ಉಮ್ಮಚಗಿಯ ಪಂದ್ಯದಲ್ಲಿ ಅವನ ಮಂಡಿಯ ಮೇಲೆ ಇಬ್ಬರು ಬಿದ್ದಿದ್ದರಂತೆ, ತಿಂಗಳೊಪ್ಪತ್ತು ಮಲಗಿದ್ದನಂತೆ ಎಂದು ಪಕ್ಕದಲ್ಲಿದ್ದವನು ಹೇಳಿದ. ಅದನ್ನು ಹೇಳಬೇಕಾಗಿರಲಿಲ್ಲ. ಮೇಲೆ ನುಣುಪಾಗಿದ್ದು ಒಳಗೆ ಟೊಳ್ಳಾದ ಅಡಿಕೆ ಕೈಗೆ ಬಂದಾಗ ಬೆರಳಿಗೆ ತಿಳಿಯುತ್ತದೆ. ಊರಿನ ಹುಡುಗರನ್ನು ಅವನು ಅರ್ಧ ಕಾಲಿನಲ್ಲೇ ಸೋಲಿಸಬಲ್ಲ. ಲೀಗಿನ ಹಿಡಿತಗಾರರು ಎರಡನೆಯ ರೈಡಿಗೇ ಆ ಕಾಲನ್ನು ಹುಡುಕಿ ಹಿಡಿಯುತ್ತಾರೆ. ಆಟಗಾರರನ್ನು ಆರಿಸುವವರು ನನಗಿಂತ ಕುರುಡರಲ್ಲ.

ಹರಾಜು ಸೋಮವಾರ ಇತ್ತು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಚೀಟಿ ಬರೆದೆ. ಐದು ಹೆಸರು ಸರಸರ ಬಂದವು. ಆರನೆಯದಕ್ಕೆ ಪೆನ್ನು ನಿಂತಿತು. ಅವನ ಹೆಸರು ಬರೆದು ಬಿಡಲೇ ಅನ್ನಿಸಿತು. ಒಂದು ಹೆಸರು ತಪ್ಪಿದರೆ ಏನು ಆಕಾಶ ಬೀಳುತ್ತದೆ? ಆದರೆ ಕೈ ಒಪ್ಪಲಿಲ್ಲ. ಉತ್ತರದ ಕಡೆಯ ಒಬ್ಬ ಎಡ ಮೂಲೆಯ ಹುಡುಗನ ಹೆಸರು ಬರೆದು, ಹೊತ್ತು ಹಾಕಿ, ಡಬ್ಬಿಗೆ ಹಾಕಿದೆ. ಚೀಟಿ ತಳಕ್ಕೆ ಬಿದ್ದ ಸಪ್ಪಳ ಕೇಳಿಸಿತು.

ಅಡಿಕೆಯ ಟೆಂಡರ್ ಮುಚ್ಚುವ ಹೊತ್ತು ಹತ್ತಿರವಾಗಿತ್ತು. ನಾನು ಗಡಿಬಿಡಿಯಲ್ಲಿ ರಾಶಿ ನೋಡುತ್ತಿದ್ದಾಗ ಅವಳು ಬಂದು ಪಕ್ಕದಲ್ಲಿ ನಿಂತಳು. ಅವಳು ಕೆಲಸದ ನಡುವೆ ಆರಿಸುವ ಮಾಡು ಬಿಟ್ಟು ಅಂಗಳಕ್ಕೆ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

‘ಅಣ್ಣ, ನಮ್ಮ ಹುಡ್ಗನ್ನ ತಗಳ್ತಾರನ?’ ಎಂದು ಕೇಳಿದಳು.

ನಾನು ಅಡಿಕೆಯೊಂದನ್ನು ಕತ್ತರಿಗೆ ಇಟ್ಟಿದ್ದೆ. ಅವಳೇ ಮುಂದುವರಿಸಿದಳು. ‘ಯಲ್ಲಾಪುರದ ಹಾಸ್ಟೆಲ್ ಶಾಲೆಯವ್ರು ಆಟದ ಮಾಸ್ತರ್ ಕೆಲ್ಸಕ್ಕೆ ಕರ್ದಾರೆ. ಬತ್ತೀಯೊ ಇಲ್ವೊ, ಇವತ್ತು ಸಂಜೆ ಒಳಗೆ ಹೇಳು ಅಂದಾರೆ. ಒಪ್ಕಂಡ್ರೆ ನಡು ವರ್ಷ ಬಿಡೂ ಹಾಂಗಿಲ್ಲಂತೆ. ಅವ್ನು ನಿನ್ನೆಯಿಂದ ಸಮಾ ಉಂಡಿಲ್ಲ. ನೀವು ನೋಡಿದ್ದು ತಪ್ಪೂದಿಲ್ಲ ಅಂತಾರೆ. ಅದಕ್ಕೆ ಕೇಳ್ದೆ.’

ಶಾಲೆಯ ಮಾತು ನನಗೆ ಕೇಳಿಸಲಿಲ್ಲ, ಗದ್ದಲ ಇತ್ತು ಎಂದು ನಾನು ಆಮೇಲೆ ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಕೇಳಿಸಿತ್ತು. ಒಂದೊಂದು ಶಬ್ದವೂ ಕೇಳಿಸಿತ್ತು. ಆದರೆ ಪಕ್ಕದಲ್ಲಿ ನಿಂತು ಆಸೆಯಿಂದ ಕೇಳುವವರಿಗೆ ಏನು ಹೇಳಬೇಕೆಂದು ನನ್ನ ಬಾಯಿಗೆ ಇಪ್ಪತ್ತೆಂಟು ವರ್ಷದ ಅಭ್ಯಾಸ. ನಾನು ತಲೆ ಎತ್ತದೆ, ಹೋಳಾದ ಅಡಿಕೆಯನ್ನೇ ನೋಡುತ್ತ ಹೇಳಿದೆ.

‘ಚಲೋ ಆಡ್ತಾನೆ ಮಾರಾಯ್ತಿ. ತಗೊಳ್ದೆ ಎಂತ ಮಾಡ್ತಾರೆ? ಹೆದರ್ಬೇಡ.’

ಅವಳು ‘ಹಾಂಗಾದ್ರೆ ಆತು’ ಅಂದು, ಸೆರಗಿನ ತುದಿಯಲ್ಲಿ ಮುಖ ಒರೆಸಿಕೊಂಡು ಹೋದಳು. ಹೋಗುವಾಗ ಗೋಡೆಯ ಕುಂಕುಮದ ಗುರುತನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಾನು ಮುಂದಿನ ರಾಶಿಗೆ ಹೋದೆ.

ಸೋಮವಾರ ಮಧ್ಯಾಹ್ನ ತೂಕದವನ ಮೊಬೈಲನ್ನು ಕಾಟದ ಮೇಲೆ ಒರಗಿಸಿಟ್ಟು ಎಲ್ಲರೂ ಸುತ್ತ ನಿಂತೆವು. ಆರಿಸುವ ಹೆಂಗಸರೂ ಬಂದಿದ್ದರು. ಅವಳನ್ನು ಮುಂದೆ ಸ್ಟೂಲಿನ ಮೇಲೆ ಕೂರಿಸಿದ್ದರು. ಬಹಳ ಹೊತ್ತಿನ ಮೇಲೆ ಹೊಸ ಹುಡುಗರ ಸರದಿ ಬಂತು. ಅವಳ ಮಗನ ಚಿತ್ರ ಪರದೆಯ ಮೇಲೆ ಮೂಡಿದಾಗ ನಮ್ಮವರು ಕೇಕೆ ಹಾಕಿದರು. ಹರಾಜು ಕೂಗುವವನು ಹೆಸರು ಹೇಳಿ, ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಣ್ಣು ಹಾಯಿಸಿದ. ಯಾರೂ ಕೈ ಎತ್ತಲಿಲ್ಲ. ನಮ್ಮ ತಂಡದ ಮೇಜಿನಲ್ಲಿ ಒಬ್ಬ ನೀರು ಕುಡಿಯುತ್ತಿದ್ದ. ಕೂಗುವವನು ಮುಂದಿನ ಹೆಸರಿಗೆ ಹೋದ. ಒಬ್ಬನ ಇಡೀ ಹರೆಯದ ದುಡಿಮೆ ಅಷ್ಟು ಬೇಗ ಪರದೆಯಿಂದ ಇಳಿದುಹೋಯಿತು.

ಒಂದು ಮಾತನ್ನು ಇಲ್ಲಿ ಬಚ್ಚಿಡಬಾರದು. ಆ ಕ್ಷಣದಲ್ಲಿ ನನಗೆ ಮೊದಲು ಆದದ್ದು ಖುಷಿ. ನೋಡು, ನನ್ನ ಕೈ ಈ ಸಲವೂ ತಪ್ಪಲಿಲ್ಲ ಎಂಬ ಖುಷಿ. ಅದರ ಹಿಂದೆಯೇ ಶನಿವಾರ ಅವಳಿಗೆ ಹೇಳಿದ ಮಾತು ನೆನಪಾಯಿತು. ಅವಳು ಸ್ಟೂಲಿನಿಂದ ಎದ್ದು, ‘ಮತ್ತೊಂದ್ಸಲ ಕರೀತಾರನ?’ ಎಂದು ತೂಕದವನನ್ನು ಕೇಳಿದಳು. ಕಡೆಯಲ್ಲಿ ಉಳಿದವರನ್ನು ಮತ್ತೊಮ್ಮೆ ಕರೆಯುವುದುಂಟು ಎಂದು ಅವನು ಹೇಳಿದ. ಅವಳು ಕಡೆಯವರೆಗೂ ಕೂತಳು. ತ್ಯಾಗಲಿಯ ಬಸ್ಸು ತಪ್ಪಿಸಿಕೊಂಡು ಕೂತಳು. ಮತ್ತೆ ಕರೆದವರಲ್ಲಿ ಅವನ ಹೆಸರು ಇರಲಿಲ್ಲ.

ಮಾರನೆಯ ದಿನ ಡಬ್ಬಿ ತೆಗೆಯುವುದು ಬೇಡವೆಂದು ನಾನು ತೂಕದವನ ಹತ್ತಿರ ಬೆಳಿಗ್ಗೆಯೇ ಹೋಗಿ ಹೇಳಿದೆ. ಮೂರು ವರ್ಷ ಗೆದ್ದವನು ಸೋಲುವ ಹೆದರಿಕೆಗೆ ಹಾಗೆ ಹೇಳುತ್ತಿದ್ದೇನೆಂದು ಅವನು ತಿಳಿದ. ‘ಅದೆಂಗ ಆಕ್ಕೈತ್ರಿ? ಹಾಕಿದ ಚೀಟಿ ಓದಾಕ ಬೇಕು. ಬರ್ರಿ ಬರ್ರಿ’ ಎಂದು ಎಲ್ಲರನ್ನೂ ಕೂಗಿ ಕರೆದ. ದನಿ ಹಿಂದಿನ ಮಾಡಿಗೂ ಕೇಳಿಸಿತು. ಹೆಂಗಸರು ಕೂತಲ್ಲಿಂದಲೇ ಕಿವಿಗೊಟ್ಟರು. ಅವಳೂ ಅವತ್ತು ಕೆಲಸಕ್ಕೆ ಬಂದಿದ್ದಳು.

ಅವನು ಒಂದೊಂದೇ ಚೀಟಿ ಬಿಡಿಸಿ ಟೆಂಡರ್ ಓದುವ ಧಾಟಿಯಲ್ಲೇ ಓದಿದ. ಪ್ರತಿಯೊಂದರಲ್ಲೂ ಮೊದಲ ಹೆಸರು ಅವಳ ಮಗನದು. ಓದಿದಾಗಲೆಲ್ಲ ಹೆಂಗಸರ ಕಡೆಯಿಂದ ಲೊಚ್ ಎಂಬ ಸದ್ದು. ಕಡೆಯದು ನನ್ನದು. ಒಂದು, ಎರಡು, ಮೂರು ಎಂದು ಓದುತ್ತ ಹೋದ. ಆರನೆಯದನ್ನು ಓದಿ ನಿಲ್ಲಿಸಿ, ಚೀಟಿಯ ಹಿಂಬದಿ ತಿರುಗಿಸಿ ನೋಡಿದ.

‘ಇಷ್ಟ ಐತಿ ನೋಡ್ರಿ. ಆರಕ್ಕ ಐದು ಸರಿ. ಈ ವರ್ಷದ ಚಾನೂ ಇವರದ’ ಅಂದ. ಆಮೇಲೆ ಅಭ್ಯಾಸಬಲದಿಂದ ಕೆಳಗಿನದನ್ನೂ ಓದಿದ. ‘ಶನಿವಾರ, ಹನ್ನೊಂದು ಗಂಟೆ.’

ಯಾರೂ ಚಹಾದ ಮಾತೆತ್ತಲಿಲ್ಲ. ಅವಳು ಮೊರ ಕೆಳಗಿಟ್ಟು ಎದ್ದು ಬಂದಳು. ಅವಳ ಮುಖದಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು, ಎರಡು ಮಾತು ಬಂದರೆ ನಾಲ್ಕು ಕೊಟ್ಟು ಮುಗಿಸುತ್ತಿದ್ದೆ. ಅವಳು ಲೆಕ್ಕ ತಿಳಿಯದವರು ಕೇಳುವ ಹಾಗೆ ಕೇಳಿದಳು.

‘ಅಣ್ಣನ ಚೀಟಿಯಲ್ಲಿ ನಮ್ಮ ಹುಡ್ಗ ಇಲ್ಲನ?’

‘ಇಲ್ಲ.’

‘ನಾ ಕೇಳೂಕೆ ಬಂದಾಗ ಚೀಟಿ ಹಾಕಿ ಆಗಿತ್ತನ?’

‘ಆಗಿತ್ತು.’

ಅವಳು ನನ್ನ ಕತ್ತರಿಯ ಕಡೆ ನೋಡಿದಳು. ‘ನೀವು ಚಲೋ ಅಂದದ್ದಕ್ಕೆ ಅವ್ನು ಶಾಲೆಯವ್ರಿಗೆ ಬರೂದಿಲ್ಲ ಅಂದ್ಬಿಟ್ಟ’ ಅಂದಳು. ಮತ್ತೆ, ‘ಇಷ್ಟು ವರ್ಷ ಇಲ್ಲೇ ಕೂತು ಕೇಳ್ತಿದ್ದೆ ಅಲ್ದ, ಚಲೋ ಚಲೋ ಅಂತ ನೀವೆಲ್ಲ ಹೇಳೂದನ್ನ. ಅದು ಅಡಿಕೆಗೆ ಮಾತ್ರ ಅಂದ್ಕಂಡಿದ್ದೆ’ ಅಂದಳು. ಹೋಗಿ ಮೊರ ಎತ್ತಿಕೊಂಡಳು.

ಮರುದಿನ ನಾನು ಯಲ್ಲಾಪುರಕ್ಕೆ ಹೋದೆ. ಶಾಲೆಯ ಮುಖ್ಯಸ್ಥರು ಒಳ್ಳೆಯವರು, ಕೂರಿಸಿ ನೀರು ಕೊಟ್ಟರು. ಆ ಹುಡುಗ ಬಂದಿದ್ದರೆ ನಮಗೇ ಹೆಮ್ಮೆಯಾಗುತ್ತಿತ್ತು, ಆದರೆ ಭಾನುವಾರವೇ ಬೇರೆಯವನಿಗೆ ಹೇಳಿಯಾಯಿತು ಅಂದರು. ಆ ಬೇರೆಯವನು ಅಂಗಳದಲ್ಲಿ ಮಕ್ಕಳಿಗೆ ಸೀಟಿ ಊದುತ್ತಿದ್ದ. ಅವನದೇನು ತಪ್ಪು? ನಾನು ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಬಂದೆ. ಮನೆಗೆ ಬಂದಾಗ ಹೆಂಡತಿ, ‘ನಿಂಗಕ್ಕೆ ಎಂತ ಆತು? ಮಾತೇ ಇಲ್ಲೆ’ ಅಂದಳು. ಎಲ್ಲ ಹೇಳಿದೆ. ಅವಳು ಕೇಳಿ, ‘ಆನಾಗಿದ್ರೆ “ಗೊತ್ತಿಲ್ಲೆ” ಹೇಳಿ ಹೇಳ್ತಿದ್ದೆ. ಅಷ್ಟು ಹೇಳಲೆ ನಿಂಗಕ್ಕೆ ಎಂತ ಕಷ್ಟ ಆಗಿತ್ತು?’ ಅಂದಳು. ಗೊತ್ತಿಲ್ಲ ಎಂಬ ಮಾತು ನನಗೆ ಹೊಳೆದೇ ಇರಲಿಲ್ಲ. ಎಲ್ಲ ಗೊತ್ತಿದ್ದವನಾಗಿ ಬಹಳ ವರ್ಷ ಆಗಿತ್ತು.

ಆ ಭಾನುವಾರ ತ್ಯಾಗಲಿಗೆ ಹೋದೆ. ತಾಯಿ ಗದ್ದೆಯ ಕಡೆ ಹೋಗಿದ್ದಳು. ಮಗ ಒಬ್ಬನೇ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಎಡ ಮಂಡಿಗೆ ಬಿಸಿ ಉಪ್ಪಿನ ಗಂಟು ಇಟ್ಟುಕೊಳ್ಳುತ್ತಿದ್ದವನು ನನ್ನನ್ನು ಕಂಡು ಪಂಚೆ ಎಳೆದು ಮುಚ್ಚಿದ. ನಾನು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದು ಅಲ್ಲಿ ಒಂದೂ ಬರಲಿಲ್ಲ. ‘ತಪ್ಪಾಯ್ತು’ ಅಂದೆ.

‘ನೀವು ಬರ್ದದ್ದು ಸರಿನೇ ಅದೆ ಬಿಡಿ’ ಅಂದ ಅವನು. ದನಿಯಲ್ಲಿ ಚುಚ್ಚು ಇರಲಿಲ್ಲ. ‘ಈ ಕಾಲು ತಡಿಯೂದಿಲ್ಲ ಅಂತ ನಂಗೂ ಗೊತ್ತಿತ್ತು. ಶನಿವಾರ ಮಧ್ಯಾಹ್ನ ಶಾಲೆಗೆ ಹೂಂ ಅನ್ನೂಕೆ ಫೋನು ಕೈಯಲ್ಲಿ ಹಿಡ್ಕಂಡಿದ್ದೆ. ಅಷ್ಟರಲ್ಲಿ ಅವ್ವ ಮಾರ್ಕೆಟ್ಟಿಂದ ಫೋನು ಮಾಡ್ತು, ನೀವು ಹೀಂಗೆ ಹೇಳಿದ್ರಿ ಅಂತ. ನೀವು ನೋಡಿದ್ದು ತಪ್ಪೂದಿಲ್ಲ ಅಲ್ದ. ನನ್ನ ಕಾಲಿನ ಬಗ್ಗೆ ನಾನೇ ತಪ್ಪು ತಿಳ್ಕಂಡಿದ್ನೇನೊ ಅನ್ಸ್ತು.’

ಅವನು ನಕ್ಕ. ಬೆಲ್ಲ ನೀರು ಕೊಡುತ್ತೇನೆಂದು ಏಳಲು ಹೋದ. ಏಳುವಾಗ ಕಂಬ ಹಿಡಿದುಕೊಂಡ. ನಾನು ಬೇಡವೆಂದು ಎದ್ದು ಬಂದುಬಿಟ್ಟೆ. ತನ್ನ ಮೈಯ ನೋವನ್ನೂ ಬದಿಗಿಟ್ಟು ಒಬ್ಬ ಆಳು ನನ್ನ ಮಾತು ನಂಬಿದ್ದ. ಅಷ್ಟು ನಂಬಿಕೆ ನನ್ನ ಮೇಲೆ ಇರಲಿ ಎಂದು ಎಷ್ಟು ವರ್ಷ ಕೊಚ್ಚಿಕೊಂಡಿದ್ದೆ. ಬಸ್ಸಿಗೆ ಕಾಯುತ್ತ ರಸ್ತೆಯ ಬದಿಯಲ್ಲಿ ನಿಂತವನಿಗೆ ಅಳು ಬಂತು, ಅತ್ತುಬಿಟ್ಟೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಊರು ಬಿಟ್ಟ. ಗೋವಾದ ಕಡೆ ಗೋದಾಮಿನಲ್ಲಿದ್ದಾನೆ ಎಂದು ಒಬ್ಬರು, ಅಲ್ಲಿಂದಲೂ ಬಿಟ್ಟ ಎಂದು ಇನ್ನೊಬ್ಬರು ಹೇಳುತ್ತಾರೆ. ಆಡುವುದಿಲ್ಲ ಎಂಬುದೊಂದು ಎಲ್ಲರೂ ಹೇಳುವ ಮಾತು. ನನ್ನ ಬಾಯಿ ಅಂದು ಮುಚ್ಚಿದ್ದರೆ ಅವನು ಇಂದು ಯಲ್ಲಾಪುರದಲ್ಲಿ ಸೀಟಿ ಊದುತ್ತಿದ್ದ.

ಈ ವರ್ಷದ ಹರಾಜು ಮತ್ತೆ ಬಂದಿದೆ. ತೂಕದವನು ಡಬ್ಬಿಯ ಧೂಳು ಒರೆಸಿ ಕಾಟದ ಪಕ್ಕ ಇಟ್ಟಿದ್ದಾನೆ. ಚೀಟಿ ಹಾಕ್ರಿ ಎಂದು ನನಗೆ ಮಾತ್ರ ಹೇಳುವುದಿಲ್ಲ. ನಾನೂ ಹಾಕುವುದಿಲ್ಲ. ಬೆಳೆಗಾರರು ಹ್ಯಾಂಗಿದ್ದು ಎಂದು ಕೇಳಿದರೆ, ಚೀಟಿಯಲ್ಲಿ ನೋಡಿ ಅನ್ನುತ್ತೇನೆ. ಇವನಿಗೆ ಎಲ್ಲಿಯ ಸೊಕ್ಕು ಬಂತಪ್ಪ ಎಂದು ಬೈದುಕೊಂಡು ಹೋಗುತ್ತಾರೆ. ಬೈಯಲಿ.

ಅವಳು ಈಗಲೂ ತ್ಯಾಗಲಿಯಿಂದ ಬರುತ್ತಾಳೆ. ಮೊನ್ನೆ ನಮ್ಮ ಮಾಲು ಆರಿಸಲು ಅವಳೇ ಕೂತಿದ್ದಳು. ನಾನು ಬಹಳ ದಿನದಿಂದ ಕೇಳಬೇಕೆಂದುಕೊಂಡದ್ದನ್ನು ಅವತ್ತು ಕೇಳಿದೆ.

‘ಮಗ ಹೇಗಿದ್ದಾನೆ?’

ಅವಳು ತಲೆ ಎತ್ತಲಿಲ್ಲ. ಮೊರದಲ್ಲಿದ್ದ ಅಡಿಕೆಯನ್ನೇ ನೋಡುತ್ತ, ನಮ್ಮ ಅಂಗಳದಲ್ಲಿ ಎಲ್ಲರೂ ಹೇಳುವ ಧಾಟಿಯಲ್ಲಿ, ‘ಚಲೋ ಇದಾನೆ ಅಣ್ಣ’ ಅಂದಳು.

ನಾನು ನಿಂತೇ ಇದ್ದೆ. ಅವಳು ಆರಿಸಿದ್ದನ್ನು ರಾಶಿಗೆ ಸುರಿದು ಮೊರವನ್ನು ಮತ್ತೆ ತುಂಬಿಕೊಂಡಳು.